ಒಳಗಿನಿಂದ ಕೊಟ್ಟ ಕಾವು: ಗಂಜಿನ ಗುಮಾಸ್ತರೊಬ್ಬರ ಸೊಂಟನೋವಿನ ಪ್ರಕರಣ

ಸುಮಾರು ಹತ್ತು ವರ್ಷಗಳ ಹಿಂದೆ, ತೊಗರಿಯ ಸುಗ್ಗಿ ಮುಗಿಯುತ್ತ ಬಂದಿದ್ದ ಮಾರ್ಚ್ ತಿಂಗಳಲ್ಲಿ, ಕಲಬುರಗಿಯ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ 39 ವರ್ಷದ ಗುಮಾಸ್ತರೊಬ್ಬರು ನನ್ನಲ್ಲಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗೋಡೆಗೆ ಬೆನ್ನು ಆನಿಸಿ ನಿಂತು, ಕೈಯಲ್ಲಿದ್ದ ಎಂಆರ್‌ಐ ಚೀಲವನ್ನು ಮೇಜಿನ ಮೇಲಿಟ್ಟು, "ಮಣಕಿನ್ಯಾಗ ಗ್ಯಾಪ್ ಬಂದದಂತ್ರಿ ಸರ್, ಎಲ್ಲಾ ಡಾಕ್ಟರೂ ಅದೇ ಅಂತಾರ" ಎಂದರು. ಅವರ ಗುರುತು ಹತ್ತುವಂಥ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ನೋವಿನ ಸ್ವರೂಪ, ಪರೀಕ್ಷೆ, ಚಿಕಿತ್ಸೆ ಮತ್ತು ಅನಂತರದ ಎರಡು ವರ್ಷಗಳ ಬೆಳವಣಿಗೆಯನ್ನು ಇದ್ದಂತೆಯೇ ಬರೆದಿದ್ದೇನೆ.

ನಮ್ಮ ಭಾಗದಲ್ಲಿ ಸೊಂಟನೋವಿನ ರೋಗಿಗಳ ಬಾಯಲ್ಲಿ ಬರುವ ಈ "ಗ್ಯಾಪ್" ಎಂಬ ಮಾತಿನ ಬಗ್ಗೆ ಒಂದು ಮಾತು ಹೇಳಬೇಕು. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಒಣಗಿದರೂ, ಉಬ್ಬಿದರೂ, ಹರಿದರೂ, ಮಣಿ ಸರಿದರೂ ಎಲ್ಲಕ್ಕೂ ಇದೊಂದೇ ಹೆಸರು. ವಿಚಿತ್ರವೆಂದರೆ, ಡಿಸ್ಕ್ ಸವೆದಾಗ ಎರಡು ಮಣಿಗಳ ನಡುವಿನ ಜಾಗ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಗ್ಯಾಪ್ ಬಂದಿದೆ ಎಂದು ನಂಬಿದ ರೋಗಿ ಅದನ್ನು ತುಂಬಿಸಿಕೊಳ್ಳಬೇಕೆಂದು ಊರೂರು ಅಲೆಯುತ್ತಾನೆ, ಬಾಗಲು ಹೆದರುತ್ತಾನೆ, ವರ್ಷಗಟ್ಟಲೆ ಬೆಲ್ಟ್ ಬಿಗಿದುಕೊಂಡು ಬೆನ್ನಿನ ಸ್ನಾಯುಗಳನ್ನು ಸೊರಗಿಸಿಕೊಳ್ಳುತ್ತಾನೆ. ಈ ಗುಮಾಸ್ತರು ಮೂರನ್ನೂ ಮಾಡಿದ್ದರು.

ನೋವಿನ ಹಿನ್ನೆಲೆ

ಮೂರು ವರ್ಷಗಳ ಹಿಂದಿನ ಸುಗ್ಗಿಯಲ್ಲಿ, ಹಮಾಲರು ಊಟಕ್ಕೆ ಹೋಗಿದ್ದಾಗ ಥಪ್ಪಿಯಿಂದ ಜಾರುತ್ತಿದ್ದ 50 ಕಿಲೋ ಚೀಲವೊಂದನ್ನು ಇವರು ಬಾಗಿ, ಸೊಂಟ ತಿರುಚಿ ಹಿಡಿದರು. ಆಗ "ಚಟ್" ಎಂದದ್ದಷ್ಟೇ ನೆನಪು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಹದಿನೈದು ದಿನದಲ್ಲಿ ಇಳಿದ ನೋವು ಎರಡು ತಿಂಗಳ ನಂತರ ಮರಳಿತು. ವರ್ಷ ಕಳೆಯುವಷ್ಟರಲ್ಲಿ ದಿನವೂ ಇರತೊಡಗಿತು. ನೋವು ಸೊಂಟದ ನಡುವೆ, ಬೆಲ್ಟ್ ಕಟ್ಟುವ ಜಾಗದಲ್ಲಿ ಆಳವಾಗಿ ಕೊರೆಯುತ್ತಿತ್ತು. ಕೆಲವೊಮ್ಮೆ ಬಲ ಪೃಷ್ಠದವರೆಗೆ ಹಬ್ಬುತ್ತಿತ್ತು, ಮೊಣಕಾಲಿನಿಂದ ಕೆಳಗೆ ಎಂದೂ ಇಳಿದಿರಲಿಲ್ಲ. ಕೂತರೆ ಹದಿನೈದು ನಿಮಿಷದಲ್ಲಿ ಏರುತ್ತಿತ್ತು, ನಿಂತರೆ ಸ್ವಲ್ಪ ತಗ್ಗುತ್ತಿತ್ತು, ಅರ್ಧ ಗಂಟೆ ಅಂಗಾತ ಮಲಗಿದರೆ ಸಾಕಷ್ಟು ಇಳಿಯುತ್ತಿತ್ತು. ಕೆಮ್ಮಿದರೆ, ಸೀನಿದರೆ ಒಳಗೆ ಚುಚ್ಚಿದಂತಾಗುತ್ತಿತ್ತು.

ಇವರ ಕೆಲಸದ ರೀತಿಯನ್ನು ತಿಳಿಯದೆ ಈ ನೋವನ್ನು ಅರ್ಥಮಾಡಿಕೊಳ್ಳಲಾಗದು. ಹಳೆಯ ಅಡತಿ ಅಂಗಡಿಗಳಲ್ಲಿ ಗುಮಾಸ್ತರು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಗೇಣುದ್ದದ ಡೆಸ್ಕಿನ ಮೇಲೆ ಬಾಗಿ ಬರೆಯುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತೊಗರಿಯ ಆವಕ ಜೋರಾಗಿದ್ದಾಗ ದಿನಕ್ಕೆ ಹತ್ತು, ಹನ್ನೆರಡು ತಾಸು ಇದೇ ಭಂಗಿ. ಸ್ವೀಡನ್ನಿನ ಆಲ್ಫ್ ನಾಚೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದು, ನಿಂತಾಗ ಇರುವುದಕ್ಕಿಂತ ಮುಂದಕ್ಕೆ ಬಾಗಿ ಕೂತಾಗ ಅದು ಹೆಚ್ಚು ಎಂದು ತೋರಿಸಿದ್ದರು. ಚಕ್ಕಳಮಕ್ಕಳ ಕೂತು ಬಾಗಿದಾಗ ಸೊಂಟದ ಸಹಜ ಬಳುಕು ಚಪ್ಪಟೆಯಾಗಿ, ಡಿಸ್ಕಿನ ಹಿಂಬದಿಯ ಗೋಡೆ ಗಂಟೆಗಟ್ಟಲೆ ಹಿಗ್ಗಿರುತ್ತದೆ. ಅದರ ಮೇಲೆ ಬೆಳಿಗ್ಗೆ, ಸಂಜೆ ಆಳಂದ ರಸ್ತೆಯ ಹಳ್ಳಿಯಿಂದ ಮೋಟಾರ್ ಸೈಕಲ್ ಸವಾರಿ.

ಅದುವರೆಗೆ ಆಗಿದ್ದ ಚಿಕಿತ್ಸೆಯ ಪಟ್ಟಿ ಉದ್ದವಾಗಿತ್ತು. ನೋವಿನ ಮಾತ್ರೆಗಳು, ಟ್ರ್ಯಾಕ್ಷನ್ (ಯಂತ್ರದಿಂದ ಸೊಂಟ ಎಳೆಯುವುದು), ಸೊಲ್ಲಾಪುರದಲ್ಲಿ ಎರಡು ಸಲ ಬೆನ್ನಿಗೆ ಸ್ಟೀರಾಯ್ಡ್ ಚುಚ್ಚುಮದ್ದು. ಮೊದಲನೆಯದರಿಂದ ಮೂರು ವಾರ ಆರಾಮ, ಎರಡನೆಯದರಿಂದ ಏನೂ ಇಲ್ಲ. ಅಂಗಿ ಎತ್ತಿ ನೋಡಿದಾಗ ಸೊಂಟದ ಮೇಲೆ ಬೆರಳಗಲದ ಮೂರು ಬರೆಗಳಿದ್ದವು. ಹಳ್ಳಿಯಲ್ಲಿ ಯಾರೋ ಕಾದ ಕಬ್ಬಿಣದಿಂದ ಹಾಕಿದ್ದು. ಇಂಥ ಬರೆಗಳನ್ನು ನೋಡಿದಾಗ ರೋಗಿಯನ್ನು ಗದರುವ ಅಭ್ಯಾಸ ನಮ್ಮವರಲ್ಲಿದೆ. ಆಸ್ಪತ್ರೆಗಳು ಮೂರು ವರ್ಷ ಕೈಚೆಲ್ಲಿದ ಮೇಲೆ ಆತ ಅಲ್ಲಿಗೆ ಹೋಗಿದ್ದ ಎಂಬುದನ್ನು ಗದರುವವರು ಮರೆಯುತ್ತಾರೆ.

ಪರೀಕ್ಷೆಯಲ್ಲಿ ಕಂಡದ್ದು

ಕಾಲುಗಳ ಶಕ್ತಿ, ಸ್ಪರ್ಶ, ಮೊಣಕಾಲು ಮತ್ತು ಹಿಮ್ಮಡಿಯ ಪ್ರತಿವರ್ತನೆ ಸರಿಯಾಗಿದ್ದವು. ಮಲಗಿಸಿ ಕಾಲನ್ನು ನೇರವಾಗಿ ಎತ್ತಿದಾಗ ಸೊಂಟದಲ್ಲಿ ನೋವಾಯಿತೇ ಹೊರತು ಕಾಲಿಗೆ ಇಳಿಯಲಿಲ್ಲ. ಮುಂದಕ್ಕೆ ಬಾಗಿದಾಗ ನೋವು ಸ್ಪಷ್ಟವಾಗಿ ಹೆಚ್ಚುತ್ತಿತ್ತು, ಹಿಂದಕ್ಕೆ ಬಾಗಿದಾಗ ಅಷ್ಟಿರಲಿಲ್ಲ. ನರ ಒತ್ತಿದ ಲಕ್ಷಣ ಇರಲಿಲ್ಲ. ನಮ್ಮ ಭಾಗದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮೊದಲು ಅಲ್ಲಗಳೆಯದೆ ಮುಂದೆ ಹೋಗುವಂತಿಲ್ಲ. ಮನೆಯಲ್ಲಿ ಎಮ್ಮೆ, ಕುರಿ ಸಾಕಿದವರಾದರೆ ಅವುಗಳಿಂದ ತಗಲುವ ಬ್ರುಸೆಲ್ಲೋಸಿಸ್ ಎಂಬ ಸೋಂಕನ್ನೂ ನೆನೆಯಬೇಕು. ಜ್ವರವಾಗಲಿ, ತೂಕ ಇಳಿಕೆಯಾಗಲಿ ಇರಲಿಲ್ಲ, ರಕ್ತಪರೀಕ್ಷೆಗಳು ಸರಿಯಾಗಿದ್ದವು. ನೋವಿನ ಅಂಕ ಹತ್ತರಲ್ಲಿ 7. ದೈನಂದಿನ ಕೆಲಸಗಳಿಗೆ ಎಷ್ಟು ತೊಡಕಾಗಿದೆ ಎಂದು ಅಳೆಯುವ ಆಸ್ವೆಸ್ಟ್ರಿ ಪ್ರಶ್ನಾವಳಿಯಲ್ಲಿ ಶೇ 46.

ಎಂಆರ್‌ಐಯಲ್ಲಿ ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್, ಅಂದರೆ ಎಲ್ 4-5, ನೀರಿನ ಅಂಶ ಕಳೆದುಕೊಂಡು ಕಪ್ಪಾಗಿತ್ತು. ಎತ್ತರ ಮಾತ್ರ ಬಹುಮಟ್ಟಿಗೆ ಉಳಿದಿತ್ತು. ಅದರ ಹಿಂಗೋಡೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಯೊಂದು ಹೊಳೆಯುತ್ತಿತ್ತು. ಏಪ್ರಿಲ್ ಮತ್ತು ಬೊಗ್ಡುಕ್ ಎಂಬ ವೈದ್ಯರು 1992ರಲ್ಲಿ ವರ್ಣಿಸಿದ ಈ ಚುಕ್ಕೆ ಡಿಸ್ಕಿನ ಹೊರ ಉಂಗುರ ಹರಿದಿರುವುದರ ಸೂಚನೆ ಎಂದು ಪರಿಗಣಿತವಾಗಿದೆ. ಕೆಳಗಿನ ಎಲ್ 5-ಎಸ್ 1 ಡಿಸ್ಕ್ ಸ್ವಲ್ಪ ಒಣಗಿತ್ತು, ಮೇಲಿನ ಎಲ್ 3-4 ಚೆನ್ನಾಗಿತ್ತು. ಡಿಸ್ಕಿನ ಅಕ್ಕಪಕ್ಕದ ಮೂಳೆಯಲ್ಲಿ ಊತದ ಬದಲಾವಣೆಗಳು ಇರಲಿಲ್ಲ.

ಇಷ್ಟು ಕಂಡ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತೆಂದು ಹೇಳಲಾಗದು. ನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಡಿಸ್ಕ್ ಸವೆತ 20 ವರ್ಷದವರಲ್ಲೇ ಶೇ 37ರಷ್ಟು, 80 ವರ್ಷದವರಲ್ಲಿ ಶೇ 96ರಷ್ಟು ಕಾಣುತ್ತದೆ. ತಲೆಗೂದಲು ನೆರೆಯುವಂತೆ ಡಿಸ್ಕೂ ನೆರೆಯುತ್ತದೆ. ಆ ಬಿಳಿ ಚುಕ್ಕೆಯೂ ನೋವಿಲ್ಲದವರಲ್ಲಿ ಕಾಣಸಿಗುವುದುಂಟು. ಕಪ್ಪಾದ ಡಿಸ್ಕು ಇದೆ, ಸೊಂಟನೋವೂ ಇದೆ. ಒಂದರಿಂದಲೇ ಇನ್ನೊಂದು ಬಂದಿದೆ ಎಂಬುದನ್ನು ಬೇರೆಯಾಗಿ ಸಾಧಿಸಬೇಕಾಗುತ್ತದೆ.

ಬಿಟ್ಟುಹೋಗಿದ್ದ ಒಂದು ಹೆಜ್ಜೆ

ಹೈದರಾಬಾದಿನ ಶಸ್ತ್ರವೈದ್ಯರೊಬ್ಬರು ಇವರಿಗೆ ಎರಡು ಮಣಿಗಳನ್ನು ಸ್ಕ್ರೂ ಹಾಕಿ ಬೆಸೆಯುವ ಶಸ್ತ್ರಚಿಕಿತ್ಸೆ ಸೂಚಿಸಿದ್ದರು. ಇವರು ಅದಕ್ಕೆ ಹೆದರಿ ನನ್ನಲ್ಲಿಗೆ ಬಂದಿದ್ದರು. ಕಾಗದಗಳಲ್ಲಿ "ಆರು ತಿಂಗಳ ಫಿಸಿಯೋಥೆರಪಿ ಫಲ ಕೊಟ್ಟಿಲ್ಲ" ಎಂದು ಬರೆದಿತ್ತು. ನಾನೂ ಅದನ್ನೇ ನಂಬಿ ನನ್ನ ಕಡತದಲ್ಲಿ ನಕಲು ಮಾಡಿಕೊಂಡೆ. ಇದು ನನ್ನ ತಪ್ಪು. ಎರಡನೆಯ ಭೇಟಿಯಲ್ಲಿ, ಯಾವ ಯಾವ ವ್ಯಾಯಾಮ ಮಾಡಿದಿರಿ, ತೋರಿಸಿ ಎಂದು ಕೇಳಿದಾಗ ಅವರಿಗೆ ಒಂದೂ ಗೊತ್ತಿರಲಿಲ್ಲ. ಆ ಆರು ತಿಂಗಳಲ್ಲಿ ಅವರು ಮಂಚದ ಮೇಲೆ ಮಲಗಿ ದೀಪದ ಶಾಖ ಮತ್ತು ಯಂತ್ರದ ಎಳೆತ ತೆಗೆದುಕೊಂಡಿದ್ದರು, ಅಷ್ಟೇ. ಮಾಡದ ವ್ಯಾಯಾಮ ಫಲ ಕೊಟ್ಟಿಲ್ಲವೆಂದು ಮೂರು ಆಸ್ಪತ್ರೆಗಳ ಕಾಗದಗಳು ಸಾಕ್ಷಿ ಹೇಳುತ್ತಿದ್ದವು.

ಆದ್ದರಿಂದ ಮೊದಲು ಮೂರು ತಿಂಗಳು ಹೊಟ್ಟೆ ಮತ್ತು ಬೆನ್ನಿನ ಆಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆರಡು ಸಲ ಫಿಸಿಯೋಥೆರಪಿಸ್ಟರ ಕಣ್ಣೆದುರು, ಉಳಿದ ದಿನ ಮನೆಯಲ್ಲಿ ಮಾಡಿಸಿದೆವು. ಸುಗ್ಗಿ ಮುಗಿದಿದ್ದರಿಂದ ಸಮಯವಿತ್ತು. ನಡಿಗೆ ಸುಧಾರಿಸಿತು, ನಿದ್ದೆ ಸುಧಾರಿಸಿತು. ನೋವಿನ ಅಂಕ 7ರಿಂದ 6ಕ್ಕೆ ಇಳಿದು ಅಲ್ಲೇ ನಿಂತಿತು. ಕೂರುವ ಅವಧಿ ಹದಿನೈದು ನಿಮಿಷದಿಂದ ಇಪ್ಪತ್ತಕ್ಕೆ ಏರಿತಷ್ಟೆ. ಬೆನ್ನಿನ ಹಿಂಬದಿಯ ಸಣ್ಣ ಕೀಲುಗಳ ನರಗಳಿಗೆ ಮರವಿನ ಔಷಧಿ ಕೊಟ್ಟು ನೋಡಿದೆವು, ನೋವು ಕದಲಲಿಲ್ಲ. ಕೀಲುಗಳು ಅಪರಾಧಿಗಳಲ್ಲ ಎಂದಾಯಿತು, ಡಿಸ್ಕಿನ ಮೇಲಿನ ಅನುಮಾನ ಗಟ್ಟಿಯಾಯಿತು.

ಡಿಸ್ಕ್ ಏಕೆ ನೋಯುತ್ತದೆ, ಕಾವು ಏನು ಮಾಡುತ್ತದೆ

ಡಿಸ್ಕಿನ ನಡುವೆ ಮೆತ್ತನೆಯ ತಿರುಳು, ಅದರ ಸುತ್ತ ಕೊಲಾಜೆನ್ ನಾರುಗಳ ಪದರಪದರದ ಉಂಗುರ. ಆರೋಗ್ಯವಾದ ಡಿಸ್ಕಿನಲ್ಲಿ ನೋವಿನ ನರದ ತುದಿಗಳು ಉಂಗುರದ ಹೊರಗಿನ ಮೂರನೆಯ ಒಂದು ಭಾಗದಲ್ಲಷ್ಟೇ ಇರುತ್ತವೆ. ಉಂಗುರ ಒಳಗಿನಿಂದ ಹರಿದಾಗ ಆ ಬಿರುಕಿನ ಗುಂಟ ಸಣ್ಣ ರಕ್ತನಾಳಗಳೂ ನರದ ಎಳೆಗಳೂ ಒಳಕ್ಕೆ ಬೆಳೆಯುತ್ತವೆ. ತಿರುಳಿನಿಂದ ಜಿನುಗುವ ಉರಿಯೂತದ ರಾಸಾಯನಿಕಗಳು ಅವನ್ನು ಕೆರಳಿಸುತ್ತವೆ. ಡಿಸ್ಕ್ ಹೊರಕ್ಕೆ ಚಾಚಿ ನರವನ್ನು ಒತ್ತದಿದ್ದರೂ ನೋವು ಬರಬಲ್ಲದು ಎಂಬುದನ್ನು ಆಸ್ಟ್ರೇಲಿಯಾದ ಶಸ್ತ್ರವೈದ್ಯ ಕ್ರಾಕ್ 1970ರಲ್ಲಿ ವಿವರಿಸಿ, ಅದನ್ನು ಡಿಸ್ಕಿನ ಆಂತರಿಕ ಛಿದ್ರತೆ ಎಂದು ಕರೆದರು. ದೀರ್ಘಕಾಲದ ಸೊಂಟನೋವಿನ ರೋಗಿಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ 1995ರ ಅಧ್ಯಯನವೊಂದರಲ್ಲಿ ಶೇ 39 ಮಂದಿಗೆ ಇದೇ ಕಾರಣವಾಗಿತ್ತು.

ಇಂಥ ಡಿಸ್ಕಿಗೆ ಒಳಗಿನಿಂದ ಕಾವು ಕೊಡುವ ವಿಧಾನವನ್ನು ಅಮೆರಿಕದ ಜೆಫ್ರಿ ಸಾಲ್ ಮತ್ತು ಜೋಯಲ್ ಸಾಲ್ ಸಹೋದರರು 1990ರ ದಶಕದ ಕೊನೆಯಲ್ಲಿ ಬಳಕೆಗೆ ತಂದರು. ಸೂಜಿಯ ಮೂಲಕ ತೆಳುವಾದ, ಬಳುಕುವ ಕ್ಯಾಥೆಟರ್ (ನಳಿಗೆ) ಒಂದನ್ನು ಡಿಸ್ಕಿನೊಳಗೆ ಇಳಿಸಿ, ಹಿಂಗೋಡೆಯ ಒಳಮೈಗೆ ಸುತ್ತುಹಾಕಿ, ಅದರ ತುದಿಯ ಸುರುಳಿಯನ್ನು ವಿದ್ಯುತ್ತಿನಿಂದ ಕಾಯಿಸುವುದು. ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ನರದ ತುದಿಗಳು ನಾಶವಾಗುತ್ತವೆ, 60 ದಾಟಿದರೆ ಕೊಲಾಜೆನ್ ನಾರುಗಳು ಮುದುಡಿ ಬಿಗಿಯಾಗುತ್ತವೆ, ಬಿರುಕು ಕೂಡಿಕೊಳ್ಳುತ್ತದೆ ಎಂಬುದು ಮೂಲ ಕಲ್ಪನೆ. ಎರಡನೆಯ ಮಾತು ಹೇಳಿದಷ್ಟು ಸಲೀಸಲ್ಲ. ಶವಗಳ ಡಿಸ್ಕುಗಳಲ್ಲಿ ತಾಪ ಅಳೆದಾಗ 60 ಡಿಗ್ರಿ ಮುಟ್ಟುವ ಜಾಗ ಕ್ಯಾಥೆಟರಿನ ತೀರ ಆಸುಪಾಸಿಗಷ್ಟೇ ಸೀಮಿತವಾಗಿತ್ತು. ಹೀಗಾಗಿ ಈ ಚಿಕಿತ್ಸೆ ಕೆಲಸ ಮಾಡಿದರೆ ನರದ ತುದಿಗಳನ್ನು ಸುಡುವುದರಿಂದ ಮಾಡೀತು. ಹರಿದದ್ದನ್ನು ಹೊಲಿಯುತ್ತದೆ ಎಂದು ರೋಗಿಗೆ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಇದರ ಪರ, ವಿರೋಧ ಎರಡೂ ಕಡೆ ಒಳ್ಳೆಯ ಪ್ರಯೋಗಗಳಿವೆ. ಪಾವ್ಜಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 64 ರೋಗಿಗಳಿದ್ದರು. ಕೆಲವರಿಗೆ ನಿಜವಾದ ಕಾವು, ಉಳಿದವರಿಗೆ ಸೂಜಿ ಚುಚ್ಚಿದ ನಟನೆ ಮಾತ್ರ. ಕಾವು ಪಡೆದವರಲ್ಲಿ ಸುಮಾರು ಶೇ 40 ಮಂದಿಗೆ ನೋವು ಅರ್ಧಕ್ಕಿಂತ ಹೆಚ್ಚು ಇಳಿಯಿತು, ಸುಮಾರು ಅರ್ಧದಷ್ಟು ಮಂದಿಗೆ ಗಮನಾರ್ಹ ಲಾಭವಾಗಲಿಲ್ಲ. ಈ 64 ಜನರನ್ನು ಆರಿಸಲು ಅವರು ಸೋಸಿದ್ದು 1,360 ಜನರನ್ನು. ಮರುವರ್ಷ ಆಸ್ಟ್ರೇಲಿಯಾದ ಫ್ರೀಮನ್ ಮತ್ತು ಸಂಗಡಿಗರು 57 ರೋಗಿಗಳಲ್ಲಿ ಇಂಥದೇ ಪ್ರಯೋಗ ನಡೆಸಿ, ಕಾವಿಗೂ ನಟನೆಗೂ ಯಾವ ವ್ಯತ್ಯಾಸವೂ ಇಲ್ಲವೆಂದರು. ಅಮೆರಿಕದ ಸರಕಾರಿ ವಿಮೆಯಾದ ಮೆಡಿಕೇರ್ 2008ರಲ್ಲಿ ಡಿಸ್ಕಿಗೆ ಕಾವು ಕೊಡುವ ಚಿಕಿತ್ಸೆಗಳಿಗೆ ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಮಣಿ ಬೆಸೆಯುವ ಶಸ್ತ್ರಚಿಕಿತ್ಸೆಯ ಪುರಾವೆಯೂ ಒಮ್ಮುಖವಾಗಿಲ್ಲ. 2001ರ ಸ್ವೀಡನ್ನಿನ ಪ್ರಯೋಗ ಅದರ ಪರವಾಗಿದ್ದರೆ, 2003ರ ನಾರ್ವೆಯ ಪ್ರಯೋಗದಲ್ಲಿ ಭಯ ಬಿಡಿಸುವ ತಿಳಿವಳಿಕೆ ಮತ್ತು ವ್ಯಾಯಾಮ ಅದಕ್ಕೆ ಸರಿಸಮವಾಗಿದ್ದವು.

ಇದನ್ನೆಲ್ಲ ರೋಗಿಗೂ ಅವರ ಹೆಂಡತಿಗೂ ಕೂಡಿಸಿ ಹೇಳಿದೆ. ಹತ್ತು ಜನರಿಗೆ ಮಾಡಿದರೆ ನಾಲ್ವರಿಗೆ ಒಳ್ಳೆಯ ಲಾಭ, ಐವರಿಗೆ ಏನೂ ಇಲ್ಲ. ಇನ್ನೊಂದು ಲೆಕ್ಕದ ಪ್ರಕಾರ ಅಷ್ಟೂ ಇಲ್ಲ. ಸೋಂಕು, ನರಕ್ಕೆ ಪೆಟ್ಟು, ಕ್ಯಾಥೆಟರ್ ಒಳಗೆ ಮುರಿಯುವುದು, ಅಪರೂಪವಾಗಿ ಮಲಮೂತ್ರದ ಹತೋಟಿ ತಪ್ಪುವುದು, ಇವು ಅಪಾಯಗಳು. ಫಲಿಸದಿದ್ದರೆ ಮುಂದೆ ಬೆಸೆಯುವ ದಾರಿ ತೆರೆದೇ ಇರುತ್ತದೆ. ವ್ಯಾಪಾರದ ಮಂದಿ ಲೆಕ್ಕವನ್ನು ಬೇಗ ಹಿಡಿಯುತ್ತಾರೆ. "ಹಂಗಾದ್ರ ಸೌದಾ ಅರ್ಧಾ ಅರ್ಧಾ ಅದ ಅನ್ರಿ" ಎಂದರು. ಆಮೇಲೆ ಸ್ವಲ್ಪ ನಕ್ಕು, "ಹೊರಗಿನಿಂದ ಒಮ್ಮಿ ಸುಟ್ಟಾರ, ಈಗ ನೀವು ಒಳಗಿನಿಂದ ಸುಡ್ತೀರಿ, ಇಷ್ಟೇ ಫರಕ್ ಅಲ್ರಿ?" ಎಂದು ಕೇಳಿದರು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಎಲ್ಲಿ ಸುಡುತ್ತೇವೆ, ಎಷ್ಟು ಡಿಗ್ರಿ ಸುಡುತ್ತೇವೆ ಎಂಬುದು ನಮಗೆ ಗೊತ್ತಿರುತ್ತದೆ ಎಂದೆ. ಹಾಗೆ ಹೇಳಿದ ಮೇಲೆ "ಎಲ್ಲಿ" ಎಂಬುದನ್ನು ಖಚಿತಪಡಿಸಿಕೊಳ್ಳುವ ಹೊಣೆ ನನ್ನ ತಲೆಗೆ ಬಂತು.

ಯಾವ ಡಿಸ್ಕ್?

ಇದಕ್ಕೆ ಇರುವ ಪರೀಕ್ಷೆ ಡಿಸ್ಕೋಗ್ರಫಿ. ರೋಗಿ ಎಚ್ಚರವಿರುವಾಗ ಒಂದೊಂದೇ ಡಿಸ್ಕಿಗೆ ಸೂಜಿ ಇಳಿಸಿ, ಎಕ್ಸ್‌ರೇಗೆ ಕಾಣುವ ದ್ರವವನ್ನು ಅಳತೆಯ ಒತ್ತಡದಲ್ಲಿ ತುಂಬಿ, "ಇದು ನಿಮ್ಮ ದಿನದ ನೋವೇ?" ಎಂದು ಕೇಳುವುದು. ಯಾವ ಡಿಸ್ಕಿಗೆ ತುಂಬುತ್ತಿದ್ದೇವೆಂದು ರೋಗಿಗೆ ತಿಳಿಸಬಾರದು. ಕಡಿಮೆ ಒತ್ತಡದಲ್ಲೇ ಅದೇ ನೋವು ತೀವ್ರವಾಗಿ ಏಳಬೇಕು, ಪಕ್ಕದ ಒಂದು ಡಿಸ್ಕಾದರೂ ನೋಯದೆ ಇರಬೇಕು. ಆಗ ಮಾತ್ರ ಪರೀಕ್ಷೆ ಧನಾತ್ಮಕ. ಈ ಪರೀಕ್ಷೆಯೂ ಪುಕ್ಕಟೆಯಲ್ಲ. ಸೂಜಿ ಚುಚ್ಚಿಸಿಕೊಂಡ ಡಿಸ್ಕುಗಳನ್ನು ಹತ್ತು ವರ್ಷದ ನಂತರ ನೋಡಿದ ಕ್ಯಾರಗಿಯವರ 2009ರ ಅಧ್ಯಯನದಲ್ಲಿ ಸವೆತ ಮುಂದುವರಿದದ್ದು ಶೇ 35ರಷ್ಟು ಡಿಸ್ಕುಗಳಲ್ಲಿ, ಚುಚ್ಚಿಸಿಕೊಳ್ಳದವರಲ್ಲಿ ಶೇ 14ರಲ್ಲಿ. ಸುಮ್ಮನೆ ಕುತೂಹಲಕ್ಕೆ ಮಾಡುವಂಥದ್ದಲ್ಲ ಇದು. ಫಲಿತಾಂಶದ ಮೇಲೆ ಒಂದು ನಿರ್ಧಾರ ನಿಂತಿದ್ದರೆ ಮಾತ್ರ ಮಾಡಬೇಕು.

ಇಲ್ಲಿ ನಿರ್ಧಾರ ನಿಂತಿತ್ತು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ, ನಾನೂ ಹಾಜರಿದ್ದಾಗ, ಪರೀಕ್ಷೆ ನಡೆಯಿತು. ಎಲ್ 3-4ರಲ್ಲಿ ಒತ್ತಿದಂತಾಯಿತು, ನೋವಿಲ್ಲ ಎಂದರು. ಎಲ್ 5-ಎಸ್ 1ರಲ್ಲಿ ಸ್ವಲ್ಪ ನೋವಾಯಿತು, ಆದರೆ "ಇದು ಬ್ಯಾರೆ ಅದರಿ" ಎಂದರು. ಎಲ್ 4-5ಕ್ಕೆ ಒಂದು ಮಿಲಿಲೀಟರಿನಷ್ಟು ಹೋಗುವಷ್ಟರಲ್ಲೇ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು "ಇದೇ, ಇದೇ" ಎಂದರು. ಪರದೆಯ ಮೇಲೆ ದ್ರವ ಹಿಂಗೋಡೆಯ ಬಿರುಕಿನಲ್ಲಿ ಹರಿದು ನಿಂತದ್ದು ಕಾಣುತ್ತಿತ್ತು. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಚಿತ್ರವೂ ನೋವೂ ಒಂದೇ ಜಾಗವನ್ನು ತೋರಿಸಿದ್ದವು.

ಹದಿನಾರೂವರೆ ನಿಮಿಷ

ಎರಡು ವಾರದ ನಂತರ ಅಲ್ಲೇ ಚಿಕಿತ್ಸೆ ನಡೆಯಿತು. ಬೋರಲು ಮಲಗಿಸಿ, ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಟ್ಟು, ಚರ್ಮಕ್ಕೆ ಮರವಿನ ಔಷಧಿ ಹಾಕಿ, ಸಿ-ಆರ್ಮ್ ಎಕ್ಸ್‌ರೇಯ ಕಣ್ಗಾವಲಿನಲ್ಲಿ 17 ಗೇಜಿನ ಸೂಜಿಯನ್ನು ಬೆನ್ನಿನ ಪಕ್ಕದಿಂದ ಓರೆಯಾಗಿ ಡಿಸ್ಕಿಗೆ ಇಳಿಸಲಾಯಿತು. ಪೂರ್ತಿ ಅರಿವಳಿಕೆ ಕೊಡುವುದಿಲ್ಲ. ಕಾಲಿನಲ್ಲಿ ನೋವೆದ್ದರೆ ರೋಗಿ ಹೇಳಬೇಕು, ಹೇಳಿದ ಕ್ಷಣ ಕಾವು ನಿಲ್ಲಿಸಬೇಕು. ಕ್ಯಾಥೆಟರ್ ಮೊದಲ ಸಲ ಬಿರುಕಿಗೆ ಸಿಕ್ಕು ಮಡಚಿತು. ಬಲ ಪ್ರಯೋಗಿಸಿದರೆ ಮುರಿಯುವುದು ಇಂಥಲ್ಲೇ. ಹಿಂದಕ್ಕೆಳೆದು, ಸೂಜಿಯ ಮೊನೆಯನ್ನು ತುಸು ತಿರುಗಿಸಿ ಮತ್ತೆ ನೂಕಿದಾಗ ಅದು ಕೊಡದ ಬಾಯಿಗೆ ಸುತ್ತಿದ ಹಗ್ಗದಂತೆ ಡಿಸ್ಕಿನ ಒಳಮೈ ಬಳಸಿ ಹಿಂಗೋಡೆಗೆ ಅಂಟಿ ಕೂತಿತು. ಎದುರಿನಿಂದ, ಪಕ್ಕದಿಂದ ಚಿತ್ರ ತೆಗೆದು, ಸುರುಳಿ ನರಗಳ ಕಾಲುವೆಯೊಳಗೆ ಹೋಗಿಲ್ಲವೆಂದು ಎರಡೆರಡು ಸಲ ನೋಡಿದೆವು. ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.

ಕಾವಿನ ಕ್ರಮ ನಿಗದಿತವಾದದ್ದು: 65 ಡಿಗ್ರಿಯಿಂದ ಆರಂಭಿಸಿ ಪ್ರತಿ ಅರ್ಧ ನಿಮಿಷಕ್ಕೆ ಒಂದು ಡಿಗ್ರಿಯಂತೆ 90ಕ್ಕೆ ಏರಿಸಿ, ಅಲ್ಲಿ 4 ನಿಮಿಷ ಹಿಡಿದಿಡುವುದು. ಒಟ್ಟು ಹದಿನಾರೂವರೆ ನಿಮಿಷ. ಎಂಬತ್ತರ ಆಸುಪಾಸಿನಲ್ಲಿ ಅವರ ಮಾಮೂಲಿ ನೋವು ಎದ್ದಿತು. ಕಾಲಿಗೆ ಏನೂ ಇಳಿಯಲಿಲ್ಲ. ಆ ಹೊತ್ತು ಯಂತ್ರದ ಅಂಕೆ ಏರುವುದನ್ನು ನೋಡುತ್ತ, "ಕಾಲು ಹೇಗಿದೆ?" ಎಂದು ಕೇಳುತ್ತಿರುವುದಷ್ಟೇ ನಮ್ಮ ಕೆಲಸ.

ಮನೆಗೆ ಬಂದ ಮೇಲೆ

ಮರುದಿನ ರೈಲಿನಲ್ಲಿ, ಬರ್ತಿನ ಮೇಲೆ ಮಲಗಿಸಿ ಕಲಬುರಗಿಗೆ ಕರೆತಂದರು. ಮೊದಲ ಹತ್ತು ದಿನ ನೋವು 8ಕ್ಕೆ ಏರಿತು. ಹೀಗಾಗುತ್ತದೆ ಎಂದು ಮೊದಲೇ ಹೇಳಿರದಿದ್ದರೆ ಅವರು ಮತ್ತೆ ಹಳ್ಳಿಯ ಕಬ್ಬಿಣದವನ ಬಳಿ ಹೋಗುತ್ತಿದ್ದರೇನೋ. ಡಿಸ್ಕಿಗೆ ನೇರ ರಕ್ತಸಂಚಾರವಿಲ್ಲ, ಸುತ್ತಲಿನ ಮೂಳೆಯಿಂದ ಪೋಷಣೆ ನಿಧಾನವಾಗಿ ಒಸರಬೇಕು. ಆದ್ದರಿಂದ ಗುಣವಾಗುವ ಲೆಕ್ಕ ತಿಂಗಳುಗಳಲ್ಲಿ.

ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದ ಶುಶ್ರೂಷೆಯ ನಿಯಮಗಳು ಕುರ್ಚಿ, ಮೇಜು, ಕಾರು ಇರುವವರಿಗಾಗಿ ಬರೆದವು. ಆರು ವಾರ ಬೆಲ್ಟ್, ಐದು ಕಿಲೋಗಿಂತ ಹೆಚ್ಚು ಎತ್ತಬಾರದು, ಒಮ್ಮೆಗೆ ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು ಎಂದರೆ ಸಾಲದು. ಇವರ ಮನೆಯಲ್ಲಿ ಊಟ ನೆಲದ ಮೇಲೆ, ಶೌಚ ಕುಕ್ಕರಗಾಲಿನಲ್ಲಿ, ನೀರು ಕೊಡದಲ್ಲಿ. ಸೂಪರ್ ಮಾರ್ಕೆಟ್ಟಿನಿಂದ ಕಮೋಡಿನ ಪ್ಲಾಸ್ಟಿಕ್ ಕುರ್ಚಿ ತರಿಸಿದೆವು, ಊಟ ನಿಂತೇ ಮಾಡಬೇಕೆಂದು ಹೇಳಿದೆವು. ಹಿರಿಯರೆದುರು ನಿಂತು ಉಣ್ಣುವುದಕ್ಕೆ ಅವರು ಮೊದಮೊದಲು ಒಪ್ಪಲಿಲ್ಲ. ಅವರ ತಾಯಿಯೇ ಒಪ್ಪಿಸಿದರು. ಮೋಟಾರ್ ಸೈಕಲ್ ಎರಡು ತಿಂಗಳು ಬಂದ್. ಊರಿನಿಂದ ಓಡಾಡಲಾಗದೆ ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡು, ಬಿಸಿಲೇರುವ ಮುನ್ನ ಅಪ್ಪನ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದರು. ಆರನೆಯ ವಾರದಿಂದ ಹಳೆಯ ವ್ಯಾಯಾಮಗಳನ್ನು ಮೊದಲಿನಿಂದ ಶುರುಮಾಡಿದೆವು.

ಮೂರು ತಿಂಗಳ ನಂತರ ಕೆಲಸಕ್ಕೆ ಮರಳುವ ಮುನ್ನ ಅಂಗಡಿಯ ಸಾಹುಕಾರರನ್ನು ಕರೆಸಿ ಮಾತಾಡಿದೆ. ಗಾದಿಯ ಮೇಲೆ ಕೂರದ ಗುಮಾಸ್ತ ಅವರ ಕಲ್ಪನೆಗೆ ನಿಲುಕಲಿಲ್ಲ. ಕೊನೆಗೆ ಬಡಿಗನೊಬ್ಬ ಎದೆಯುದ್ದದ ಒಂದು ಎತ್ತರದ ಕಟ್ಟಿಗೆಯ ಮೇಜು ಮಾಡಿಕೊಟ್ಟ. ಅರ್ಧ ತಾಸು ಕುರ್ಚಿ, ಅರ್ಧ ತಾಸು ನಿಂತು ಬರೆಯುವುದು ಎಂದು ತೀರ್ಮಾನವಾಯಿತು.

ನೋವಿನ ಅಂಕ ಆರು ವಾರಕ್ಕೆ 6, ಮೂರು ತಿಂಗಳಿಗೆ 4, ಆರು ತಿಂಗಳಿಗೆ 3. ಒಂದು ವರ್ಷಕ್ಕೆ ಆಸ್ವೆಸ್ಟ್ರಿ ಶೇ 46ರಿಂದ 24ಕ್ಕೆ ಇಳಿದಿತ್ತು. ಒಂದು ತಾಸು ಕೂರಬಲ್ಲರು, ಮಾತ್ರೆ ತಿಂಗಳಿಗೆ ಮೂರ್ನಾಲ್ಕು ಸಲ. ಸುಗ್ಗಿಯ ದಿನಗಳಲ್ಲಿ ನೋವು 5ಕ್ಕೆ ಏರಿ, ಏಪ್ರಿಲ್‌ನಲ್ಲಿ ಇಳಿಯುತ್ತಿತ್ತು. ಎರಡನೆಯ ವರ್ಷವೂ ಇದೇ ಮಟ್ಟ.

ಯಾವುದರ ಲೆಕ್ಕಕ್ಕೆ ಜಮಾ?

ಅವರ ಪ್ರಕಾರ ಇದೆಲ್ಲ "ಮಷೀನಿನ ಕರಾಮತ್ತು". ನನಗೆ ಅಷ್ಟು ಖಾತ್ರಿಯಿಲ್ಲ. ಆ ಆರು ತಿಂಗಳಲ್ಲಿ ಕಾವಿನ ಜೊತೆಗೆ ಇನ್ನೂ ನಾಲ್ಕು ಸಂಗತಿಗಳು ಬದಲಾದವು: ಮೂರು ತಿಂಗಳು ಗಾದಿಯಿಂದ ಬಿಡುವು, ಮೋಟಾರ್ ಸೈಕಲ್ಲಿಗೆ ಬಿಡುವು, ಕ್ರಮಬದ್ಧ ವ್ಯಾಯಾಮ, ಎತ್ತರದ ಮೇಜು. ಜೊತೆಗೆ, ನೋವಿರುವ ಜಾಗ ಇದೇ ಎಂದು ಕಣ್ಣಾರೆ ಕಂಡದ್ದರಿಂದ ಮೂರು ವರ್ಷದ ಭಯವೂ ಹೋಗಿತ್ತು. ಪಾವ್ಜಾರ ಪ್ರಯೋಗದಲ್ಲಿ ಸೂಜಿಯ ನಟನೆ ಮಾತ್ರ ಆದವರಲ್ಲೂ ನೋವು ಇಳಿದಿತ್ತೆಂಬುದನ್ನು ಮರೆಯುವಂತಿಲ್ಲ. ಕಾವಿಗೆ ಮುನ್ನ ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದಾಗ ಅಂಕ ಒಂದೇ ಇಳಿದಿತ್ತು ಎಂಬುದು ಕಾವಿನ ಪರವಾದ ಸಾಕ್ಷಿ. ಆದರೆ ಆಗ ಅವರು ಗಾದಿ ಬಿಟ್ಟಿರಲಿಲ್ಲ ಎಂಬುದು ವಿರುದ್ಧವಾದ ಸಾಕ್ಷಿ. ಕೆಲಸದ ಮೇಜನ್ನು ಮೊದಲೇ ಮಾಡಿಸಿ ಮೂರು ತಿಂಗಳು ಕಾಯಬೇಕಿತ್ತು ಎಂದು ನನಗೆ ಈಗ ಅನಿಸುತ್ತದೆ.

ಈಚಿನ ವರ್ಷಗಳಲ್ಲಿ ಈ ಕ್ಷೇತ್ರ ಬದಲಾಗಿದೆ. ನೀರಿನಿಂದ ತಂಪಾಗಿಡುವ ಎರಡು ಸಲಾಕೆಗಳನ್ನು ಡಿಸ್ಕಿನ ಎರಡೂ ಪಕ್ಕದಿಂದ ಇಳಿಸಿ ರೇಡಿಯೋ ತರಂಗದಿಂದ ಹಿಂಗೋಡೆಯನ್ನು ಕಾಯಿಸುವ ವಿಧಾನಕ್ಕೆ ಕಪುರಾಲ್ ಮತ್ತು ಸಂಗಡಿಗರ 2013ರ ಪ್ರಯೋಗ ಸ್ವಲ್ಪ ಬಲ ಕೊಟ್ಟಿದೆ. ಕ್ಯಾಥೆಟರನ್ನು ಸುತ್ತು ಹಾಕುವ ಪಾಡು ಅದರಲ್ಲಿಲ್ಲ. ಡಿಸ್ಕನ್ನು ಬಿಟ್ಟು ಮಣಿಯ ಮೂಳೆಯೊಳಗಿನ ನರವನ್ನೇ 85 ಡಿಗ್ರಿಯಲ್ಲಿ 15 ನಿಮಿಷ ಸುಡುವ ಇನ್ನೊಂದು ವಿಧಾನಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಆದರೆ ಅದು ಡಿಸ್ಕಿನ ಪಕ್ಕದ ಮೂಳೆಯಲ್ಲಿ, ಎಂಆರ್‌ಐಯಲ್ಲಿ ಕಾಣುವ ಮೋಡಿಕ್ ಎಂಬ ಹೆಸರಿನ ಬದಲಾವಣೆಗಳು ಇರುವವರಿಗೆ ಮಾತ್ರ. ಈ ಗುಮಾಸ್ತರ ಮೂಳೆಯಲ್ಲಿ ಅವು ಇರಲಿಲ್ಲವಾದ್ದರಿಂದ, ಇವತ್ತು ಬಂದಿದ್ದರೂ ಅವರಿಗೆ ಅದು ಸಲ್ಲುತ್ತಿರಲಿಲ್ಲ.

ಎರಡು ವರ್ಷದ ಭೇಟಿಗೆ ಅವರು ಒಬ್ಬರೇ ಬರಲಿಲ್ಲ. ಹೆಂಡತಿಯ ತಮ್ಮನನ್ನು, ಅವನ ಎಂಆರ್‌ಐ ಚೀಲದೊಂದಿಗೆ ಕರೆತಂದಿದ್ದರು. "ಇವಂಗೂ ಅದೇ ಮಣಕದಾಗ ಗ್ಯಾಪ್ ಅದರಿ, ಇವಂಗೂ ಹಂಗೇ ಸುಟ್ಟು ಬಿಡ್ರಿ" ಎಂದರು. ಚೀಲವನ್ನು ಪಕ್ಕಕ್ಕಿಟ್ಟು ಹುಡುಗನನ್ನು ಹಿಮ್ಮಡಿಯ ಮೇಲೆ ನಡೆಯಲು ಹೇಳಿದೆ. ಎಡಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ಬಡಿಯಿತು. ನೋವು ಸೊಂಟದಿಂದ ಹೆಬ್ಬೆರಳಿನವರೆಗೆ ಗೆರೆ ಎಳೆದಂತೆ ಇಳಿಯುತ್ತದೆ, ಒಂದು ವಾರದಿಂದ ಚಪ್ಪಲಿ ಕಾಲಿನಲ್ಲಿ ನಿಲ್ಲುತ್ತಿಲ್ಲ ಎಂದ. ಡಿಸ್ಕು ಅದೇ ಎಲ್ 4-5. ಇಲ್ಲಿ ಅದು ಹೊರಕ್ಕೆ ಜಾರಿ ನರವನ್ನು ಒತ್ತಿತ್ತು. ಕಾವಿಗೆ ಇಲ್ಲಿ ಕೆಲಸವಿಲ್ಲ ಎಂದು ಹೇಳಿ, ಅಂದೇ ಶಸ್ತ್ರವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಗುಮಾಸ್ತರು ಗೋಡೆಗೆ ಆನಿಸಿ ನಿಂತಿರಲಿಲ್ಲ. ಆ ಹೊತ್ತಿನಷ್ಟೂ ಕುರ್ಚಿಯಲ್ಲೇ ಕೂತಿದ್ದರು.